ಅತ್ತೆ ಗೀಚಿದ ಚಿತ್ರ

ಪ್ರೀತಿಯ ಅಮ್ಮಾ,

ನನ್ನ ನೋವಿಗೆ ಕೊನೆಗೂ ಹೆಸರು ಸಿಕ್ಕಿತು, ಫೈಬ್ರೊಮಯಾಲ್ಜಿಯಾ! ಕುಣಿಯಬೇಕು ಅನ್ನಿಸುತ್ತಿದೆ, ಕಾಲು ಮಾತ್ರ ಒಪ್ಪುತ್ತಿಲ್ಲ. ಇವರಂತೂ ಆ ಹೆಸರನ್ನು ಬಾಯಿಪಾಠ ಮಾಡಿಕೊಂಡು ಮನೆಯೆಲ್ಲ ತಿರುಗುತ್ತಿದ್ದಾರೆ.

ನನ್ನನ್ನು ನೋಡಿದ ಡಾಕ್ಟರಮ್ಮ ಎಂಥವರು ಗೊತ್ತಾ! ರಕ್ತಪರೀಕ್ಷೆಯ ವರದಿಗಳನ್ನೆಲ್ಲ ಓದಿ, ಥೈರಾಯ್ಡ್ ಅಲ್ಲ, ಸಂಧಿವಾತ ಅಲ್ಲ ಎಂದು ಖಚಿತ ಮಾಡಿಕೊಂಡರು. ಕೀಲುಗಳನ್ನು ಒತ್ತಿ ನೋಡಿದರು. ನಿದ್ದೆ ಹೇಗೆ, ಮರೆವು ಇದೆಯಾ, ನೋವು ಶುರುವಾಗಿ ಮೂರು ತಿಂಗಳು ದಾಟಿತಾ ಎಂದು ಕೇಳಿದರು. ಆಮೇಲೆ ಮನುಷ್ಯನ ಮೈಯ ಚಿತ್ರವಿದ್ದ ಹಾಳೆ ಕೊಟ್ಟು, "ನೋವಿರೋ ಕಡೆಯೆಲ್ಲ ಗೀಚಮ್ಮ" ಎಂದರು.

ಪಕ್ಕದಲ್ಲೇ ಅತ್ತೆ ಕೂತಿದ್ದರು. ಮದುವೆಯಾಗಿ ಎರಡೇ ತಿಂಗಳಿಗೆ ಸೊಸೆ ರೋಗದ ಮೂಟೆ ಅಂದುಕೊಂಡಾರು ಎಂದು ಹೆದರಿ, ಭುಜ ಒಂದನ್ನೇ ಗೀಚಿದೆ. ಅತ್ತೆ ಪೆನ್ನು ಕಿತ್ತುಕೊಂಡರು.

"ಮೆಟ್ಟಿಲು ಇಳಿಯುವಾಗ ಸೊಂಟ ಹಿಡ್ಕೋತೀಯಲ್ಲ, ಅದೇನು ಪಕ್ಕದ್ಮನೆಯವರ ಸೊಂಟಾನಾ?" ಎನ್ನುತ್ತಾ ಸೊಂಟ, ಕುತ್ತಿಗೆ, ತೊಡೆ, ಮೊಣಕೈ ಎಲ್ಲವನ್ನೂ ತುಂಬಿಸಿಬಿಟ್ಟರು.

ಡಾಕ್ಟರಮ್ಮ ನಕ್ಕು, "ಅರ್ಧ ಕೆಲಸ ನಿಮ್ಮತ್ತೇನೇ ಮುಗಿಸಿದ್ರು. ನಿನ್ನ ನೋವು ನಿಜಾನೇ ಕಣಮ್ಮ, ಕಲ್ಪನೆಯಲ್ಲ" ಎಂದರು. ನಾನು ಅಲ್ಲೇ ಅತ್ತುಬಿಟ್ಟೆ.

ಅಮ್ಮಾ, ಆಗ ನಿನ್ನದೇ ನೆನಪು. ಹದಿನೈದು ವರ್ಷದಿಂದ ಮೈಕೈ ನೋವು ಅಂದಾಗಲೆಲ್ಲ ಕೆಲಸಗಳ್ಳಿ ಅನ್ನಿಸಿಕೊಂಡು ಸುಮ್ಮನಿದ್ದೀಯ. ನಿನಗೂ ಇದೇ ಇದೆ ಎಂದು ನಾನು ಹೇಳಲಾರೆ, ಡಾಕ್ಟರಮ್ಮ ನೋಡಿಯೇ ಹೇಳಲಿ. ಶುಕ್ರವಾರಕ್ಕೆ ಅವರು ಸಮಯ ಕೊಟ್ಟಿದ್ದಾರೆ. ಹಳೆಯ ವರದಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಡು. ಅಪ್ಪನ ಹತ್ತಿರ ನಾನೇ ಮಾತಾಡುತ್ತೇನೆ. ಗುರುವಾರ ಬೆಳಗಿನ ಪ್ಯಾಸೆಂಜರ್ ರೈಲಿಗೆ ಬಂದಿಳಿಯುತ್ತೇನೆ, ಸಂಜೆಯ ಎಕ್ಸ್‌ಪ್ರೆಸ್‌ಗೆ ಇಬ್ಬರಿಗೂ ಟಿಕೆಟ್ ತೆಗೆಸಿದ್ದೇನೆ.

ನಿನ್ನ ಮಗಳು