ದಿನಕ್ಕೆ ನಲವತ್ತು ರೊಟ್ಟಿ

ಖಾನಾಪುರ
ಜೂನ್ ೧೪, ಶನಿವಾರ

ಶಶಿಧರ ಅವರಿಗೆ,
ಪೂರ್ಣಿಮಾಳ ಶರಣು.

ಮದುವೆಯ ದಿನ ಒಡಪು ಹಾಕಿ ಹೇಳಿದ್ದನ್ನು ಬಿಟ್ಟರೆ ಈ ಹದಿನಾರು ವರ್ಷಗಳಲ್ಲಿ ನಾನು ನಿಮ್ಮ ಹೆಸರು ಹಿಡಿದದ್ದಿಲ್ಲ. ಇವತ್ತು ಹಿಡಿದಿದ್ದೇನೆ. ಬೆಳಗಾವಿಯ ಮನೆ ಬಿಟ್ಟು ಇಲ್ಲಿನ ಸರ್ಕಾರಿ ಹೈಸ್ಕೂಲಿಗೆ ಗಣಿತದ ಟೀಚರಾಗಿ ಬಂದು ನಾಲ್ಕು ವರ್ಷವಾಯಿತು. ಅಂದಿನಿಂದ ಫೋನಿನಲ್ಲಿ ನಾವಿಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸಲು ಬಿಟ್ಟಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಿಮ್ಮ ವರ್ಕ್‌ಶಾಪಿನ ಮೇಸ್ತ್ರಿ ಭರಮಣ್ಣ ಬೀಡಿ ಊರಿನ ತನ್ನ ಮನೆಗೆ ಬಂದಿದ್ದಾನೆ. ನಾಳೆ ಹಿಂದಿರುಗುವಾಗ ಇದನ್ನು ತರುತ್ತಾನೆ. ಜೊತೆಗಿರುವ ಅರ್ಜಿಯ ವಿಷಯ ಕೊನೆಗೆ ಹೇಳುತ್ತೇನೆ.

ನಿಮ್ಮ ಅವ್ವ ಆರಾಮಿದ್ದಾರೆ. ಮಣಿಕಟ್ಟಿನ ನೋವು ಬಹಳ ಇಳಿದಿದೆ. ನಿಮ್ಮ ಅಣ್ಣನ ಮಗಳು ಸಾಕ್ಷಿಯೂ ಆರಾಮ. ನಿನ್ನೆ ಎಸ್ಸೆಸ್ಸೆಲ್ಸಿ ಎರಡನೇ ಪರೀಕ್ಷೆಯ ಫಲಿತಾಂಶ ಬಂತು. ಗಣಿತದಲ್ಲಿ ತೊಂಬತ್ತೊಂದು. ಮಾರ್ಚ್ ಪರೀಕ್ಷೆಯಲ್ಲಿ ಇದೇ ಹುಡುಗಿಗೆ ಹನ್ನೊಂದು ಬಂದಿತ್ತು. ಉಳಿದ ಐದೂ ವಿಷಯಗಳಲ್ಲಿ ಪಾಸಾಗಿ ಗಣಿತವೊಂದರಲ್ಲೇ ಹೀಗೇಕಾಯಿತು ಎಂದು ನೀವು ಕೇಳಲಿಲ್ಲ. ‘ಸಾಕು ಇನ್ನ ಸಾಲಿ, ತಲಿಗೆ ಹತ್ತಂಗಿಲ್ಲ, ಮನ್ಯಾಗ ಇರ್ಲಿ’ ಅಂದಿರಂತೆ. ನೀವು ಕೇಳದ್ದಕ್ಕೆ ಉತ್ತರ ಈಗ ನನ್ನ ಬಳಿ ಇದೆ. ಅದನ್ನು ಹೇಳಲೆಂದೇ ಕುಳಿತಿದ್ದೇನೆ.

ಮೇ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಬಾಗಿಲು ತೆರೆದರೆ ಅವ್ವ ನಿಂತಿದ್ದರು. ಬೀಡಿಯಲ್ಲಿರುವ ತಂಗಿಯ ಮನೆಗೆ ಹೋಗಿ ಬರುತ್ತೇನೆಂದು ನಿಮಗೆ ಹೇಳಿ ಹೊರಟವರು ಖಾನಾಪುರದಲ್ಲೇ ಇಳಿದುಬಿಟ್ಟಿದ್ದರು. ಹಿಂದೆ ಸಾಕ್ಷಿ, ಅವಳ ತಲೆಯ ಮೇಲೆ ಹಳೆಯ ಸೀರೆಗಳ ಗಂಟು. ನಾಲ್ಕು ವರ್ಷ ಮಾತಿಲ್ಲದ ಅತ್ತೆ ಒಳಗೆ ಬಂದು ನೀರು ಕುಡಿದು ಹೇಳಿದ್ದಿಷ್ಟೇ: ‘ಪೂರ್ಣಿಮಾ, ಈ ಹುಡುಗಿ ನಪಾಸ ಆಗೇತಿ. ನೀ ಗಣಿತ ಕಲಸಾಕಿ. ಕಲಸು. ಪರೀಕ್ಷಾ ಮುಗಿಯೂತನಕ ನಾವಿಬ್ಬರೂ ಇಲ್ಲೇ ಇರ್ತೀವಿ. ಜಾಗಾ ಇಲ್ಲಂದ್ರ ಪಡಸಾಲ್ಯಾಗ ಮಲಗ್ತೀವಿ.’

ಸಾಕ್ಷಿಯ ಕೈ ನೋಡಿದೆ. ಎರಡೂ ಅಂಗೈ ಗಟ್ಟಿಯಾಗಿ, ಬಲಗೈ ಬೆರಳ ತುದಿಗಳಲ್ಲಿ ರೊಟ್ಟಿ ಹಂಚಿನ ಸುಟ್ಟ ಕಲೆಗಳಿದ್ದವು. ವರ್ಕ್‌ಶಾಪಿನ ಒಂಬತ್ತು ಜನರಿಗೆ ಮನೆಯ ಊಟವೇ ಹೋಗಬೇಕೆನ್ನುವುದು ಮಾವನವರ ಕಾಲದಿಂದ ಬಂದದ್ದು. ಅದರ ಬಗ್ಗೆ ನಿಮಗಿರುವ ಅಭಿಮಾನ ನನಗೆ ಗೊತ್ತು. ಆ ನಲವತ್ತು ರೊಟ್ಟಿಗಳನ್ನು ನಾನು ಹನ್ನೆರಡು ವರ್ಷ ಬಡಿದಿದ್ದೇನೆ. ನಾನು ಹೊರಟ ದಿನ ಆ ಹಂಚು ಯಾರ ಪಾಲಿಗೆ ಹೋಗುತ್ತದೆಂದು ಯೋಚಿಸಲಿಲ್ಲ. ಅವ್ವನ ಕೈ ಸೋತ ಮೇಲೆ ಅದು ಹನ್ನೆರಡು ವರ್ಷದ ಹುಡುಗಿಯ ಪಾಲಾಯಿತು. ಇದರಲ್ಲಿ ನನ್ನ ತಪ್ಪೂ ಇದೆ. ಒಪ್ಪಿಕೊಂಡಿದ್ದೇನೆ.

ಮರುದಿನವೇ ಬೆಳಗಾವಿಯ ಅವಳ ಶಾಲೆಗೆ ಹೋಗಿ ಪರೀಕ್ಷಾ ಶುಲ್ಕ ಕಟ್ಟಿ ಅವಳ ಹೆಸರು ನೋಂದಾಯಿಸಿದೆ. ನನ್ನ ಶಾಲೆಯಲ್ಲೂ ಗಣಿತದಲ್ಲಿ ನಪಾಸಾದ ನಾಲ್ಕು ಹುಡುಗಿಯರಿದ್ದರು. ಅವರನ್ನೂ ಮನೆಗೇ ಬರಲು ಹೇಳಿದೆ. ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಪಾಠ. ಬಿಸಿಲೇರಿದ ಮೇಲೆ ಯಾರ ತಲೆಯೂ ಓಡುತ್ತಿರಲಿಲ್ಲ. ಆಗ ಅವ್ವ ಪಡಸಾಲೆಯಲ್ಲಿ ಸೀರೆಗಳನ್ನು ಪದರ ಪದರವಾಗಿ ಹಾಸಿ, ನಾಲ್ಕೂ ಮೂಲೆಗೆ ಕಲ್ಲಿಟ್ಟು, ಒಬ್ಬೊಬ್ಬರ ಕೈಗೆ ಸೂಜಿ ಕೊಟ್ಟು ಕೌದಿಯ ಸುತ್ತ ಕೂರಿಸುತ್ತಿದ್ದರು. ಹುಡುಗಿಯರು ಹೊಲಿಯುತ್ತ ಸೂತ್ರಗಳನ್ನು ಬಾಯಿಪಾಠ ಹೇಳುತ್ತಿದ್ದರು. ಒಮ್ಮೆ ನಾನು ಜಾಣತನ ತೋರಿಸಲು ಹೋಗಿ, ಕೌದಿಯ ಚೌಕದ ತುಂಡಿನ ಮೇಲೆ ಗೆರೆ ಎಳೆದು ಕರ್ಣದ ಉದ್ದ ಕಂಡುಹಿಡಿಯಿರಿ ಅಂದೆ. ಅವ್ವ ಸೂಜಿ ಎತ್ತಿ, ‘ನಿನ್ನ ಲೆಕ್ಕಾ ಹಾಳ್ಯಾಗ ಮಾಡ ಯವ್ವಾ, ನನ್ನ ಕೌದಿ ಹೊಲಸ ಮಾಡಬ್ಯಾಡ’ ಅಂದರು. ಹುಡುಗಿಯರು ನಕ್ಕರು. ಅಲ್ಲಿಗೆ ಬಿಟ್ಟೆ.

ಆ ನಾಲ್ವರಲ್ಲಿ ತ್ರಿಶಲಾ ಎಂಬ ಹುಡುಗಿ ಬಹಳ ಹಿಂದಿದ್ದಳು. ಒಂದು ಮಧ್ಯಾಹ್ನ ವರ್ಗಸಮೀಕರಣವೊಂದನ್ನು ಗಟ್ಟಿಯಾಗಿ ಓದಿ ಓದಿ, ಬಿಡಿಸಲಾರದೆ ಕಣ್ಣೀರು ಹಾಕಿದಳು. ಕೌದಿಯ ಆಚೆ ಬದಿ ದಾರ ಪೋಣಿಸುತ್ತಿದ್ದ ಸಾಕ್ಷಿ, ನೋಟುಬುಕ್ಕು ನೋಡದೆಯೇ, ‘ನಡುವಿನ ಹನ್ನೆರಡನ್ನ ಒಡಿ. ಏಳು, ಐದು ಮಾಡು. ಬರತೈತಿ’ ಅಂದಳು. ಬಂತು. ಅಂದಿನಿಂದ ತ್ರಿಶಲಾ ನನ್ನ ಪಾಠಕ್ಕಿಂತ ಸಾಕ್ಷಿಯ ಪಾಠವನ್ನೇ ಹೆಚ್ಚು ಕೇಳತೊಡಗಿದಳು. ನನಗೆ ಆಗಲೇ ಅನುಮಾನ ಬಂತು. ಇಷ್ಟು ಬರುವ ಹುಡುಗಿಗೆ ಹನ್ನೊಂದು ಅಂಕ ಹೇಗೆ ಬಂತು? ಕೇಳಿದರೆ ‘ಹೆದರಿದ್ನಿ ಕಾಕೂ’ ಅಂದು ತಲೆ ತಗ್ಗಿಸಿದಳು.

ಇಬ್ಬರೂ ಇಲ್ಲಿರುವುದು ಗೊತ್ತಾಗಿಯೂ ಹದಿನೈದು ದಿನ ನೀವು ಸುಮ್ಮನಿದ್ದಿರಿ. ಆಮೇಲೆ ಭರಮಣ್ಣನನ್ನು ಜೀಪು ಕೊಟ್ಟು ಕಳಿಸಿದಿರಿ. ಅವನು ಬಾಗಿಲಲ್ಲೇ ನಿಂತು, ‘ಅವ್ವಾರ, ಸಾಕ್ಷಿನ್ನ ಕರ್ಕೊಂಡ ಬಾ ಅಂದಾರ್ರಿ. ಹುಡುಗೂರು ಹೊಟೇಲ ಊಟಾ ಮಾಡಿ ಬ್ಯಾಸತ್ತಾರ. ಸಾಹುಕಾರ್ರಂತೂ ಬರೇ ಚಾ ಬಿಸ್ಕೀಟ ಮ್ಯಾಲ ಅದಾರ್ರಿ’ ಅಂದ. ಅವ್ವ ಅವನನ್ನು ಕೂರಿಸಿ ರೊಟ್ಟಿ, ಝುಣಕ, ಕವಳಿಕಾಯಿ ಚಟ್ನಿ ಬಡಿಸಿದರು. ಕೈ ತೊಳೆದ ಮೇಲೆ ಹೇಳಿದರು: ‘ಪರೀಕ್ಷಾ ಮುಗಿಯೂತನಕ ಹುಡುಗಿ ಬರೂದಿಲ್ಲ. ಹಸಿವಾದ್ರ ಒಲಿ ಮನ್ಯಾಗ ಐತಿ ಅಂತ ನಿನ್ನ ಸಾಹುಕಾರಗ ಹೇಳು.’ ಅವನು ಹೋದ. ನಾವು ಗೆದ್ದೆವು ಅಂದುಕೊಂಡೆ. ಬಾಗಿಲ ಹಿಂದೆ ನಿಂತಿದ್ದ ಸಾಕ್ಷಿಗೆ ಉಳಿದ ಮಾತೆಲ್ಲ ಬಿಟ್ಟು ‘ಚಾ ಬಿಸ್ಕೀಟ’ ಒಂದೇ ಕೇಳಿಸಿತ್ತು.

ಮಾರನೆಯ ದಿನ ಹನ್ನೆರಡರ ಹೊತ್ತಿಗೆ ತ್ರಿಶಲಾ ಓಡಿ ಬಂದು, ‘ಟೀಚರ್, ಸಾಕ್ಷಿ ಚೀಲಾ ತಗೊಂಡು ಟೇಶನ್ ಕಡೆ ಹೋದ್ಲ್ರಿ’ ಅಂದಳು. ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದೆ. ಲೋಂಡಾ ಕಡೆಯಿಂದ ಬರುವ ಗಾಡಿಗೆ ಇನ್ನೂ ಹತ್ತು ನಿಮಿಷವಿತ್ತು. ಕಲ್ಲುಬೆಂಚಿನ ಮೇಲೆ ಚೀಲ ತಬ್ಬಿಕೊಂಡು ಕುಳಿತಿದ್ದಳು. ಕೈಯಲ್ಲಿ ಬೆಳಗಾವಿಯ ಟಿಕೆಟ್.

ಬೈಯಲು ಬಾಯಿ ತೆರೆದವಳು ಬೈಯಲಿಲ್ಲ. ಕೌಂಟರಿಗೆ ಹೋಗಿ ಇನ್ನೊಂದು ಟಿಕೆಟ್ ತೆಗೆದುಕೊಂಡು ಬಂದು ಅವಳ ಪಕ್ಕದಲ್ಲಿ ಕುಳಿತೆ. ‘ಯಾರಿಗೆ ಕಾಕೂ?’ ಅಂದಳು. ‘ನನಗ. ನಾನೂ ಬರ್ತೀನಿ. ರೊಟ್ಟಿ ನಾ ಬಡೀತೀನಿ, ನೀ ಅಭ್ಯಾಸ ಮಾಡು. ಒಟ್ಟಿನ ಮ್ಯಾಲ ನೀ ಪರೀಕ್ಷಾ ಬರೀಬೇಕು’ ಅಂದೆ. ಆ ಕ್ಷಣದಲ್ಲಿ ಅದು ಖರೇ ಮಾತು. ನಿಮ್ಮ ಹೊಸ್ತಿಲು ತುಳಿಯಲು ನಾನು ಸಿದ್ಧಳಿದ್ದೆ.

ಅವಳು ಕೈಯಲ್ಲಿದ್ದ ಟಿಕೆಟನ್ನು ಮಡಿಸಿ ಚೀಲದೊಳಗೆ ತುರುಕಿದಳು. ಆಮೇಲೆ ಅತ್ತಳು. ಅಳುತ್ತಲೇ ಹೇಳಿದಳು: ‘ಗಣಿತ ನನಗ ಬರತಿತ್ತು ಕಾಕೂ. ಬೇಕಂತನ ಖಾಲಿ ಬಿಟ್ಟೀನಿ. ಅರ್ಧಾ ತಾಸಿನ್ಯಾಗ ಎದ್ದ ಬಂದ್ನಿ. ಪಾಸಾದ್ರ ಕಾಲೇಜಿಗೆ ಹೋಗಬೇಕು. ಆಯಿ ಕೈ ಬ್ಯಾರೆ ಹಿಂಗ ಆಗ್ಯಾವ. ಕಾಕಾಗ ಮಾಡಿ ಹಾಕೂರು ಯಾರು? ನಪಾಸಾದ್ರ ಯಾರೂ ಏನೂ ಕೇಳೂದಿಲ್ಲ ಅನ್ಕೊಂಡ್ನಿ.’

ಗಾಡಿ ಬಂತು, ಎರಡು ನಿಮಿಷ ನಿಂತು ಹೋಯಿತು. ನಾವಿಬ್ಬರೂ ಏಳಲಿಲ್ಲ.

ಶಶಿಧರ ಅವರೇ, ಅವಳಿಗೆ ಖಾಲಿ ಬಿಡು ಅಂತ ನೀವು ಹೇಳಿರಲಿಲ್ಲ. ಅಮರ ಭಾವನೂ ಅಕ್ಕನೂ ಒಂದೇ ಅಪಘಾತದಲ್ಲಿ ಹೋದಾಗ ಐದು ವರ್ಷದ ಆ ಕೂಸನ್ನು ಎದೆಗೆ ಹಾಕಿಕೊಂಡು ಬಂದವರು ನೀವು. ಅವಳಿಗೆ ಜ್ವರ ಬಂದ ದಿನಗಳಲ್ಲಿ ವರ್ಕ್‌ಶಾಪಿನ ಬಾಗಿಲು ತೆರೆಯುತ್ತಿರಲಿಲ್ಲ. ನಿಮ್ಮ ಮೇಲಿನ ಪ್ರೀತಿಗೇ ಅವಳು ಹಾಳೆ ಖಾಲಿ ಬಿಟ್ಟಳು. ನಿಮ್ಮನ್ನು ದ್ವೇಷಿಸುವ ಹುಡುಗಿಯಾಗಿದ್ದರೆ ನನ್ನ ಕೆಲಸ ಸುಲಭವಿತ್ತು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆವು. ಅವರು ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, ‘ನನ್ನ ರೊಟ್ಟಿ ಸಲುವಾಗಿ ನೀ ಪೇಪರ ಖಾಲಿ ಬಿಟ್ಟಿಯೇನ?’ ಎಂದು ಕೇಳಿ ಮೊಮ್ಮಗಳ ಎರಡೂ ಕೈಗಳನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ, ‘ಇನ್ನ ಆ ಮನ್ಯಾಗ ಒಂಬತ್ತ ಮಂದಿಗೆ ಹಂಚು ಇಡೂದಿಲ್ಲ. ನಾನೂ ಇಡೂದಿಲ್ಲ, ನೀನೂ ಇಡಬ್ಯಾಡ’ ಅಂದರು. ಅಂದಿನಿಂದ ಪರೀಕ್ಷೆ ಮುಗಿಯುವವರೆಗೆ ಸಾಕ್ಷಿಯನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ. ಅಡುಗೆ ನಾವಿಬ್ಬರೇ ಮಾಡಿದೆವು. ಅತ್ತೆ ಸೊಸೆ ಜಗಳವಿಲ್ಲದೆ ಅಡುಗೆ ಮಾಡಿದ್ದು ನಮ್ಮ ಮನೆಯ ಇತಿಹಾಸದಲ್ಲಿ ಇದೇ ಮೊದಲು. ಉಪ್ಪಿನ ವಿಷಯಕ್ಕೆ ಒಂದೆರಡು ಬಾರಿ ಆಯಿತು, ಇರಲಿ.

ಗಣಿತದ ದಿನ ಮೊದಲ ಬಸ್ಸಿಗೆ ಬೆಳಗಾವಿಗೆ ಬಂದೆವು. ಅವಳನ್ನು ಒಳಗೆ ಕಳಿಸಿ ಗೇಟಿನ ಎದುರಿಗೇ ನಿಂತೆ. ಅರ್ಧ ಗಂಟೆಯ ಬೆಲ್ ಹೊಡೆದಾಗ ಗೇಟಿನ ಸರಳು ಹಿಡಿದು ಒಳಗೆ ಇಣುಕಿದೆ. ಇಬ್ಬರು ಹುಡುಗರು ಹೊರಗೆ ಬಂದರು, ಒಬ್ಬಳು ಹುಡುಗಿ ಬಂದಳು. ಸಾಕ್ಷಿ ಅಲ್ಲ. ಒಂದು ಗಂಟೆ ಕಳೆದಾಗ ಇನ್ನೂ ನಾಲ್ಕು ಜನ. ಎರಡು ಗಂಟೆ ಕಳೆದಾಗ ಅಡ್ಡಮಳೆ ಶುರುವಾಯಿತು. ಛತ್ರಿ ಇರಲಿಲ್ಲ. ಅಲ್ಲಾಡಲಿಲ್ಲ. ಆಗ ರಸ್ತೆಯಾಚೆ, ಝೆರಾಕ್ಸ್ ಅಂಗಡಿಯ ತಗಡಿನ ಕೆಳಗೆ, ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದ ನಿಮ್ಮನ್ನು ಕಂಡೆ. ಸೊರಗಿದ್ದಿರಿ. ನೀವು ನನ್ನನ್ನು ನೋಡಿದಿರಿ, ನಾನೂ ನೋಡಿದೆ. ಇಬ್ಬರೂ ದಾಟಿ ಬರಲಿಲ್ಲ. ಕೊನೆಯ ಬೆಲ್ ಆಗಿ, ಶಾಯಿ ಮೆತ್ತಿದ ಬೆರಳುಗಳನ್ನು ಎತ್ತಿ ತೋರಿಸುತ್ತ ಸಾಕ್ಷಿ ಹೊರಬಂದಾಗ ನೀವು ಇರಲಿಲ್ಲ. ನೀವು ಬಂದಿದ್ದಿರೆಂದು ನಾನು ಅವಳಿಗೆ ಆಮೇಲೆ ಹೇಳಿದೆ. ಮುಚ್ಚಿಡುವುದು ಸರಿಯಲ್ಲ ಅನಿಸಿತು.

ಈಗ ಅರ್ಜಿಯ ಮಾತು.

ಸಾಕ್ಷಿ ವಿಜ್ಞಾನ ತೆಗೆದುಕೊಂಡು ಪಿಯುಸಿ ಮಾಡುತ್ತಾಳೆ. ಇಲ್ಲಿಯೇ, ಖಾನಾಪುರದಲ್ಲಿ, ನನ್ನ ಮನೆಯಲ್ಲಿದ್ದುಕೊಂಡು. ಬೆಳಗಾವಿಯಲ್ಲಿ ದೊಡ್ಡ ದೊಡ್ಡ ಕಾಲೇಜುಗಳಿರುವಾಗ ಹುಡುಗಿಯನ್ನು ಖಾನಾಪುರಕ್ಕೇಕೆ ಕಳಿಸಿದಿರಿ ಎಂದು ನಿಮ್ಮನ್ನು ಜನ ಕೇಳುತ್ತಾರೆ, ಗೊತ್ತು. ಆ ಮನೆಯಲ್ಲಿದ್ದರೆ ಯಾರು ಬೇಡವೆಂದರೂ ಬೆಳಿಗ್ಗೆ ಐದಕ್ಕೆ ಎದ್ದು ಹಿಟ್ಟು ನಾದುತ್ತಾಳೆ. ಅವಳು ಅಂಥವಳು. ಅರ್ಜಿಯಲ್ಲಿ ಪೋಷಕರ ಸಹಿ ನಿಮ್ಮದೇ ಬೇಕು. ಅವಳ ಶಾಲೆಯಿಂದ ಟಿ.ಸಿ.ಯನ್ನೂ ನೀವೇ ಹೋಗಿ ಪಡೆಯಬೇಕು. ಜಾತಿ, ಆದಾಯದ ಪ್ರಮಾಣಪತ್ರಗಳು ತಿಜೋರಿಯ ಮೇಲಿನ ಖಾನೆಯಲ್ಲಿ, ಹಸಿರು ಫೈಲಿನಲ್ಲಿವೆ. ಶುಕ್ರವಾರ ಕೊನೆಯ ದಿನ. ಬುಧವಾರದೊಳಗೆ ಎಲ್ಲವೂ ನನ್ನ ಕೈ ಸೇರಬೇಕು. ಸೇರದಿದ್ದರೆ ಗುರುವಾರ ಬೆಳಿಗ್ಗೆ ನಾನು, ಅವ್ವ, ಸಾಕ್ಷಿ ಮೂವರೂ ಆಟೋ ನಗರಕ್ಕೆ ಬಂದು ನಿಮ್ಮ ವರ್ಕ್‌ಶಾಪಿನ ಬಾಗಿಲಲ್ಲಿ ಕೂರುತ್ತೇವೆ. ಅವ್ವ ಕೌದಿಯನ್ನೂ ತರುತ್ತಾರಂತೆ. ಇನ್ನೂ ಅರ್ಧ ಹೊಲಿಯುವುದಿದೆ, ಅಲ್ಲೇ ಹೊಲಿಯುತ್ತಾರಂತೆ. ಇದನ್ನು ಬೆದರಿಕೆ ಅಂದುಕೊಂಡರೂ ಅಡ್ಡಿಯಿಲ್ಲ.

ಹುಡುಗಿಯನ್ನು ನಿಮ್ಮಿಂದ ಕಿತ್ತುಕೊಳ್ಳುತ್ತಿಲ್ಲ. ಶನಿವಾರ ಮಧ್ಯಾಹ್ನ ಅವಳು ನಿಮ್ಮಲ್ಲಿಗೆ ಬರುತ್ತಾಳೆ, ಭಾನುವಾರ ಸಂಜೆ ಹಿಂದಿರುಗುತ್ತಾಳೆ. ಅವಳಿಗೂ ಅದು ಬೇಕು. ಬಂದಾಗ ನೀವು ಮಾಡಿ ಬಡಿಸಿ. ಅನ್ನ ಸಾರು ಸಾಕು. ವರ್ಕ್‌ಶಾಪಿನ ಊಟಕ್ಕೆ ಭರಮಣ್ಣನ ಅಕ್ಕ ಬರಲು ಒಪ್ಪಿದ್ದಾಳೆ, ಅವನನ್ನೇ ಕೇಳಿ. ಅವ್ವ ಯಾವಾಗ ಬರುತ್ತಾರೆಂದು ಕೇಳಿದೆ. ‘ಅವ ಕರಿಯಾಕ ಬಂದಾಗ’ ಅಂದರು. ಜೀಪು ಕಳಿಸಿದರೆ ಬರುವುದಿಲ್ಲವಂತೆ, ನೀವೇ ಬರಬೇಕಂತೆ.

ತ್ರಿಶಲಾ ಮೂವತ್ತೆಂಟು ಅಂಕ ತೆಗೆದು ಪಾಸಾಗಿದ್ದಾಳೆ. ನಿನ್ನೆ ಅವಳ ತಾಯಿ ಹೋಳಿಗೆ ಮಾಡಿಕೊಂಡು ಬಂದು, ನನಗಿಂತ ಮೊದಲು ಸಾಕ್ಷಿಯ ಬಾಯಿಗೆ ಹಾಕಿದರು.

ಇಂತಿ,
ಪೂರ್ಣಿಮಾ

ತಾ.ಕ.: ಸ್ಟೇಶನ್ನಿನಲ್ಲಿ ಸಾಕ್ಷಿ ಖಾಲಿ ಹಾಳೆಯ ಮಾತು ಹೇಳಿದಾಗ ನನಗೆ ನೆನಪಾದದ್ದನ್ನು ಮೇಲೆ ಬರೆಯಲಿಲ್ಲ. ನಮ್ಮ ಮದುವೆಯ ಎರಡನೇ ವರ್ಷ ಧಾರವಾಡದಲ್ಲಿ ಎಂ.ಎಡ್.ಗೆ ಅರ್ಜಿ ಹಾಕಿದ್ದೆ. ಸೀಟು ಸಿಗಲಿಲ್ಲವೆಂದು ನಿಮಗೆ ಹೇಳಿದೆ. ಸಿಕ್ಕಿತ್ತು. ಆಗ ಅವ್ವ ಕಾಲು ಮುರಿದು ಮಲಗಿದ್ದರು. ಆ ಪತ್ರವನ್ನು ನಾನೇ ಸ್ನಾನದ ಹಂಡೆಯ ಒಲೆಗೆ ಹಾಕಿದೆ. ಯಾರೂ ಹಾಕು ಅಂದಿರಲಿಲ್ಲ. ಆ ಸಂಜೆ ನೀವು ಕುಂದಾ ತಂದು, ‘ಮುಂದಿನ ವರ್ಷ ಮತ್ತ ಹಾಕು, ಧಾರವಾಡ ಏನ ದೂರ ಐತಿ’ ಅಂದಿರಿ. ಆ ಒಳ್ಳೆಯ ಮಾತಿಗಾಗಿ ನಿಮ್ಮ ಮೇಲೆ ಹತ್ತು ವರ್ಷ ಸಿಟ್ಟು ಮಾಡಿಕೊಂಡೆ. ಮನೆ ಬಿಡುವಾಗ, ನೀವು ನನ್ನನ್ನು ಓದಲು ಬಿಡಲಿಲ್ಲ ಅಂದೆ. ಅದು ಸುಳ್ಳು. ಇದನ್ನು ಓದಿ ನಿಮಗೆ ಸಿಟ್ಟು ಬರುತ್ತದೆ. ಬರಬೇಕಾದದ್ದೇ. ಸಹಿ ಮಾಡಿದ ಮೇಲೆ ಸಿಟ್ಟಾಗಿ.