ಮುಟ್ಟಬೇಡ ಎಂದಿದ್ದ ಕಂಪ್ಯೂಟರ್

ಅಣ್ಣಾ,

ಅಕ್ಷರ ಕೋಳಿ ಕೆದರಿದ ಹಾಗಿದೆ, ತಪ್ಪುಗಳೂ ಇರುತ್ತವೆ, ಕ್ಷಮಿಸು. ನೀನು ಮುಟ್ಟಬೇಡ ಎಂದಿದ್ದ ಕಂಪ್ಯೂಟರನ್ನು ಮುಟ್ಟಿದ್ದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನೀನು ಮನೆ ಬಿಟ್ಟು ಹೋದರೂ ನಮ್ಮ ಅಂಗಡಿಯ ಕಸೂತಿ ಡಿಸೈನುಗಳೆಲ್ಲ ಅದರಲ್ಲೇ ಇದ್ದವು. ಹೋದ ವಾರ ಅದರ ಹಾರ್ಡ್ ಡಿಸ್ಕ್ ಟಕಟಕ ಅನ್ನತೊಡಗಿತು. ಆನ್ ಮಾಡಿ, ಕಂಪ್ಯೂಟರ್ ನಡೆಸುವ ಆ ಲಿನಕ್ಸ್ ಶುರುವಾದರೆ ಸಾಕು, ಡಿಸ್ಕ್ ಓದಲಾಗುತ್ತಿಲ್ಲ ಎಂಬ ದೂರು ಪರದೆ ತುಂಬ.

"ಕೈ ಹಾಕ್ಬೇಡ ಕಣೇ, ಅವನೇ ಬಂದು ನೋಡ್ಲಿ" ಅಂದಳು ಅಮ್ಮ.

"ಅವನು ಬರೋ ತನಕ ಡಿಸ್ಕ್ ಕಾಯುತ್ತಾ, ಅಮ್ಮ?"

ಅಮ್ಮ ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟು, ಪರದೆ ಕಾಣುವಂತೆ ಹತ್ತಿರ ಬಂದು ಕೂತಳು.

ನಾನು ಹಳೆಯದರ ಪಕ್ಕದಲ್ಲಿ ಹೊಸ ಡಿಸ್ಕ್ ಜೋಡಿಸಿದೆ. ಡಿಸ್ಕ್ ನಕಲು ಮಾಡುವ ಕಮಾಂಡನ್ನು ಫೋನಿನಲ್ಲಿ ಹುಡುಕಿ, ಒಂದೊಂದೇ ಅಕ್ಷರ ನೋಡಿಕೊಂಡು ಒತ್ತಿದೆ. ಓದಲು ಬರುವುದನ್ನೆಲ್ಲ ಮೊದಲು ನಕಲು ಮಾಡಿಕೊಂಡು, ಕೆಟ್ಟ ಜಾಗಗಳನ್ನು ಆಮೇಲೆ ಮತ್ತೆ ಮತ್ತೆ ಓದಿಸಿದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳೆಂದು ಕಂಪ್ಯೂಟರೇನೂ ನಿನ್ನ ಹಾಗೆ ನಗಲಿಲ್ಲ.

ಎಲ್ಲವೂ ಬಂತು, ನೀನು ಹೋಗುವ ಮುಂಚೆ ಬಿಡಿಸಿದ ಬಳ್ಳಿಯ ಡಿಸೈನೊಂದನ್ನು ಬಿಟ್ಟು. ಎಷ್ಟು ಸಲ ಓದಿಸಿದರೂ ಅದು ಬರಲಿಲ್ಲ. ಕೊನೆಗೆ ಹಾಳೆಯ ಮೇಲೆ ನಾನೇ ನೆನಪಿನಿಂದ ಬಿಡಿಸಿದೆ. ಎಲೆಗಳು ಸ್ವಲ್ಪ ದಪ್ಪವಾಗಿವೆ. ಗಿರಾಕಿಗಳು ಯಾರೂ ಬೇಡ ಅಂದಿಲ್ಲ. ನಿನಗೆ ಸರಿ ಕಾಣದಿದ್ದರೆ ಬಂದು ತಿದ್ದು.

ಇವತ್ತು ಬೆಳಿಗ್ಗೆ ಗುಜರಿಯವನು ಬಂದು, "ಹಳೇದೇನಾದ್ರೂ ಇದ್ಯಾ ತಂಗೀ?" ಅಂದ. ಇಲ್ಲ ಅಂದೆ. ಆ ಸತ್ತ ಡಿಸ್ಕನ್ನು ಒರೆಸಿ, ಫ್ಯಾನಿನ ಗಾಳಿಗೆ ಹಾರದಂತೆ ಬಳ್ಳಿಯ ಹಾಳೆಯ ಮೇಲಿಟ್ಟೆ.