ತಟ್ಟಿದರೆ ತಗ್ಗುವ ತಟ್ಟು

ಮಾನ್ಯ ತಳಿ ನೋಂದಣಾಧಿಕಾರಿಗಳೇ,

ನಮ್ಮ ಸೋದರಮಾವನ ತಟ್ಟುಗುದುರೆಯ ಬೀಜ ಒಡೆಸಿದ್ದೀರಿ. ಒಂಬತ್ತನೇ ದಿನಕ್ಕೆ ಅದೇ ಕುದುರೆಯನ್ನು 'ಶುದ್ಧ ತಳಿಯ ಗಂಡು, ಸಂತಾನಕ್ಕೆ ಯೋಗ್ಯ' ಎಂದು ಮಾನ್ಯ ಮಾಡಿದ ಪ್ರಮಾಣಪತ್ರವನ್ನೂ ಕಳಿಸಿದ್ದೀರಿ. ನಿಮ್ಮನ್ನು ಮಾನ್ಯರೇ ಎನ್ನುವುದು ನಮ್ಮ ರೂಢಿ; ಹೀಗೆ ಮಾನ್ಯ ಮಾಡುವುದು ನಿಮ್ಮ ರೂಢಿ ಇರಬೇಕು. ಸಿಟ್ಟಿನಿಂದ ಬರೆಯುತ್ತಿಲ್ಲ. ಸಿಟ್ಟು ಬರುತ್ತದೇನೋ ಎಂದು ವಾರ ಕಾದೆ. ಅದೂ ನಿಮ್ಮ ಕಚೇರಿಯ ಮೂಲಕವೇ ಬರಬೇಕೋ ಏನೋ, ಇನ್ನೂ ತಲುಪಿಲ್ಲ.

ಈ ತಳಿಯ ಚರಿತ್ರೆ ನಿಮ್ಮ ಕಡತದಲ್ಲಿ ಮೂರು ಪದ: 'ಗಿಡ್ಡ, ಗಟ್ಟಿ, ಇತರೆ.' ಉಳಿದದ್ದು ಹೀಗಿದೆ. ಊರ ಹಿಂದಿನ ಗುಡ್ಡದಲ್ಲಿ ಚಪ್ಪಡಿ ಕಲ್ಲಿನ ಗಣಿ. ಸುರಂಗದ ಚಾವಣಿ ತಗ್ಗು, ಹೊರಗಿನ ದಾರಿ ಕಡಿದು. ಎತ್ತರದ ಕುದುರೆ ತಲೆ ಒಡೆದುಕೊಂಡಿತು. ಕತ್ತೆ ಅರ್ಧ ದಾರಿಯಲ್ಲಿ ನಿಂತು ವಿಚಾರ ಮಾಡಿತು. ಉಳಿದದ್ದು ಈ ತಟ್ಟು. ಅಗಲ ಎದೆ, ಲಾಳವೇ ಬೇಡದ ಕಪ್ಪು ಗೊರಸು, ಕಣ್ಣು ಮುಚ್ಚುವ ಮುಂಗೂದಲು. ಮುಖ್ಯ ಗುಣ ಇನ್ನೊಂದಿದೆ: ಹೆಗಲು ತಟ್ಟಿದರೆ ಕಾಲು ಅಗಲಿಸಿ ಬೆನ್ನನ್ನು ನಾಲ್ಕು ಬೆರಳು ತಗ್ಗಿಸುತ್ತದೆ, ಒಬ್ಬನೇ ಆಳು ಕಲ್ಲು ಹೇರಲು ಆಗಲೆಂದು. ಯಾರೂ ಕಲಿಸುವುದಿಲ್ಲ. ತಗ್ಗಿದವನ್ನೇ ತಲೆಮಾರುಗಟ್ಟಲೆ ಸಾಕಿದರು, ಗುಣ ರಕ್ತಕ್ಕಿಳಿಯಿತು. ವ್ಯಾಕರಣ ಪಾಠ ಮಾಡಿ ಬದುಕುವ ನನಗೆ, ನಾಮಪದವೊಂದು ಕ್ರಿಯಾಪದದ ಮಾತು ಕೇಳುವುದನ್ನು ಕಣ್ಣಾರೆ ತೋರಿಸಿದ್ದು ಈ ಪ್ರಾಣಿಯೇ.

ನಿಮ್ಮ ಪರಿಶೀಲಕರು ಅಳತೆಗೋಲು ಹಿಡಿದು ಬಂದ ದಿನ ನಾನೂ ಲಾಯದಲ್ಲಿದ್ದೆ. ಮಾವನಲ್ಲಿ ಉಳಿದ ಒಂದೇ ಗಂಡು, ಮೊಂಡ, ಬಾಗಿಲಲ್ಲಿ ನಿಂತಿತ್ತು. ಪರಿಶೀಲಕರು ದಯಾಳುಗಳು. "ಒಳ್ಳೇ ಪ್ರಾಣಿ ಕಣ್ರೀ" ಎಂದು ಹೆಗಲು ತಟ್ಟಿದರು. ಮೊಂಡ ತಗ್ಗಿತು.

"ಸಾರ್, ತಟ್ಬೇಡಿ, ಬಗ್ಗತ್ತೆ," ಎಂದರು ಮಾವ.

"ಕುದುರೆ ಬಗ್ಗೆ ನಮಗೇ ಹೇಳ್ಕೊಡ್ತೀರೇನ್ರೀ?"

"ಬಗ್ಗೆ ಅಲ್ಲ ಸಾರ್, ಬಗ್ಗತ್ತೆ! ಒಂದು ಗಳಿಗೆ ಬಿಡಿ, ತಾನೇ ನೆಟ್ಟಗಾಗತ್ತೆ."

"ಅಲ್ಲಾಡದೆ ನಿಂತಿದೆ, ಇನ್ನೇನ್ ಬೇಕು? ಹಿಡ್ಕೊಳ್ಳಿ."

ಅಳೆದರು. ನಾಲ್ಕು ಬೆರಳು ಕಡಿಮೆ ಬಂತು. ನಾನು ನಗುತ್ತಿದ್ದೆ, ಬಗ್ಗೆ-ಬಗ್ಗತ್ತೆಯ ಚಮತ್ಕಾರಕ್ಕೆ. ಆ ಹೊತ್ತಿಗೆ ಬಾಯಿಬಿಟ್ಟು ಇನ್ನೊಮ್ಮೆ ಅಳೆಯಿರಿ ಎನ್ನಬಹುದಿತ್ತು.

ತಳಿಗೆ ನೀವು ಗೊತ್ತುಮಾಡಿದ ಎತ್ತರ ಸಾಲದೆ ಮೊಂಡ 'ಬೆರಕೆ'ಯಾಯಿತು. ಬೆರಕೆ ಗಂಡಿನ ಬೀಜ ಒಡೆಯಬೇಕೆಂಬುದು ನಿಯಮ. ಮಾವನ ಆಕ್ಷೇಪಣೆ ಓದಿದ ನಿಮ್ಮ ಕಚೇರಿಯ ಪಕ್ಕದ ಮೇಜಿನವರು ಬೇರೊಬ್ಬರನ್ನು ಕಳಿಸಿ, ತಟ್ಟದೆ ಅಳೆಸಿದರು. ಎತ್ತರ ಸರಿಯಾಗಿತ್ತು. ಆ ವರದಿ ನಿಮ್ಮ ರುಜುವಿಗೆ ಕಾದಿರುವಾಗಲೇ ಹಳೆಯ ಆದೇಶ ಹಿಡಿದು ಪಶುವೈದ್ಯರು ಬಂದರು. ನಿಮ್ಮ ಎರಡು ಮೇಜುಗಳ ನಡುವೆ ಎಷ್ಟು ದೂರ, ಮಾನ್ಯರೇ? ನಾನು ನೋಡಿದ್ದೇನೆ: ಒಂದು ತಟ್ಟು ಅಡ್ಡ ನಿಂತರೆ ಮುಗಿಯುವಷ್ಟು. ವೈದ್ಯರೂ ಸಮಾಧಾನಕ್ಕೆಂದು ಹೆಗಲು ತಟ್ಟಿದರು. ಮೊಂಡ ಕಾಲು ಅಗಲಿಸಿ ತಗ್ಗಿತು. ಕಲ್ಲು ಹೇರುತ್ತಾರೆ ಅಂದುಕೊಂಡಿತ್ತು.

ಪ್ರಮಾಣಪತ್ರವನ್ನು ಮಾವ ಲಾಯದ ಮೊಳೆಗೆ, ಹಗ್ಗದ ಪಕ್ಕ ಸಿಕ್ಕಿಸಿದ್ದಾರೆ. "ಕಾಗದ ದಪ್ಪ ಇದೆ ಕಣೋ," ಎಂದರು.

ಶಾಪ ತಟ್ಟಲಿ ಎನ್ನಲು ನಮಗೆ ಮನಸ್ಸಿಲ್ಲ. ನಿಮ್ಮ ಬಾಗಿಲು ತಟ್ಟಿ ನೋಡಿದ್ದೇವೆ. ಅಲ್ಲಿ ಯಾರೂ ತಗ್ಗಲಿಲ್ಲ. ಕೇಳುವುದು ಇಷ್ಟೇ. ಲಾಯದ ಮೂಲೆಯಲ್ಲಿರುವ ಹೆಣ್ಣು ಗಬ್ಬವಾಗಿದೆ, ಮೊಂಡನಿಂದಲೇ. ಇನ್ನು ಎರಡು ತಿಂಗಳು. ಮರಿ ಗಂಡಾದರೆ, ಅದರ ಬೀಜಕ್ಕೆ ಯಾರೂ ಕೈಹಾಕುವುದಿಲ್ಲವೆಂದು ಈಗಲೇ ಒಂದು ಸಾಲು ಬರೆದು ರುಜು ಹಾಕಿ. ಮುಂದೆ ಅದನ್ನು ಅಳೆಯಲು ಬರುವವರು, ದಯವಿಟ್ಟು, ದಯೆ ತೋರದಿರಲಿ.

ಇಂತಿ,
ಅಂದು ಲಾಯದಲ್ಲಿ ನಕ್ಕವನು